ಮೂಳೆ ಸಾಂದ್ರತೆ ಶೇ 3.1 ಏರಿದೆ ಅನ್ನೋ ಡೆಕ್ಸಾ ರಿಪೋರ್ಟ್: ನಂಬಬಹುದಾ?

ಅಂಕಿಲೆಕ್ಕ (ಚರ್ಚೆ ಶುರು ಮಾಡಿದವರು)

ಡೆಕ್ಸಾ (ಎಕ್ಸ್‌ರೇಯಿಂದ ಮೂಳೆಯ ಖನಿಜ ಸಾಂದ್ರತೆ ಅಳೆಯೋ ಸ್ಕ್ಯಾನ್) ರಿಪೋರ್ಟ್ ಓದೋದು ಹೇಗೆ ಅಂತ ಇಲ್ಲಿ ಬಿಡಿಬಿಡಿಯಾಗಿ ಪ್ರಶ್ನೆಗಳು ಬರ್ತಾನೇ ಇವೆ. ಒಂದೇ ಕಡೆ ಚರ್ಚೆ ಆಗಲಿ ಅಂತ ಮಾದರಿ ರಿಪೋರ್ಟ್ ಒಂದನ್ನ ಕಟ್ಟಿ ಹಾಕ್ತಿದ್ದೇನೆ. ವ್ಯಕ್ತಿ, ಅಂಕಿ ಎರಡೂ ಕಲ್ಪಿತ. ಆದರೆ ದಿನಾ ಇಂಥವನ್ನ ನೋಡೋರಿಗೆ ಇದರಲ್ಲಿ ಅಪರೂಪದ್ದು ಏನೂ ಇಲ್ಲ.

ಹೆಂಗಸು, 66 ವರ್ಷ. ಎತ್ತರ ಈಗ 148 ಸೆಂ.ಮೀ., ಪ್ರಾಯದಲ್ಲಿ 152. ತೂಕ 52 ಕೆ.ಜಿ. ಸಕ್ಕರೆ ಕಾಯಿಲೆ ಇದೆ. ಪಾವಗಡ ಕಡೆಯವರು, ಬೋರ್‌ವೆಲ್ ನೀರು ಕುಡಿದು ಬೆಳೆದವರು. ಎರಡು ವರ್ಷದಿಂದ ವಾರಕ್ಕೊಂದು ಅಲೆಂಡ್ರೊನೇಟ್ (ಮೂಳೆ ಸವೆತ ತಡೆಯೋ ಗುಳಿಗೆ) 70 ಮಿ.ಗ್ರಾಂ., ದಿನಾ ಒಂದು ಕ್ಯಾಲ್ಸಿಯಂ ಮಾತ್ರೆ, ವಾರಕ್ಕೊಂದು 60,000 ಯೂನಿಟ್ ವಿಟಮಿನ್ ಡಿ.

ಬೆನ್ನೆಲುಬು ಎಲ್1–ಎಲ್4 (ಕೆಳಬೆನ್ನಿನ ನಾಲ್ಕು ಮಣಿ): ಆಗ, ಅಂದರೆ ಎರಡು ವರ್ಷದ ಹಿಂದೆ, 0.795, ಈಗ 0.820 (ಗ್ರಾಂ/ಚದರ ಸೆಂ.ಮೀ.). ಈಗಿನ ಟಿ-ಸ್ಕೋರ್ (ಆರೋಗ್ಯವಂತ ಯುವತಿಯರ ಸರಾಸರಿಗಿಂತ ಎಷ್ಟು ಮಾನಕ ವಿಚಲನೆ, ಅಂದರೆ ಎಸ್‌ಡಿ, ಕೆಳಗಿದೆ ಅನ್ನೋ ಅಂಕಿ) -2.1.
ಸೊಂಟ ಒಟ್ಟು: ಆಗ 0.741, ಈಗ 0.722. ಟಿ-ಸ್ಕೋರ್ -1.8.
ತೊಡೆಮೂಳೆಯ ಕತ್ತು: ಈಗ 0.600, ಟಿ-ಸ್ಕೋರ್ -2.2.

ರಿಪೋರ್ಟಿನ ಕೊನೇ ಸಾಲು: "ಬೆನ್ನೆಲುಬಿನಲ್ಲಿ ಶೇ 3.1 ಸುಧಾರಣೆ. ಆಸ್ಟಿಯೋಪೀನಿಯಾ. ಚಿಕಿತ್ಸೆ ಮುಂದುವರಿಸಿ."

(ಆಸ್ಟಿಯೋಪೀನಿಯಾ ಅಂದರೆ ಸಾಂದ್ರತೆ ಸ್ವಲ್ಪ ಕಡಿಮೆ; ಟಿ-ಸ್ಕೋರ್ -2.5 ಅಥವಾ ಅದಕ್ಕೂ ಕೆಳಗಾದರೆ ಆಸ್ಟಿಯೋಪೊರೋಸಿಸ್, ಟೊಳ್ಳು ಮೂಳೆ.) ಈ ಸಾಲಿನಲ್ಲಿ ಎಷ್ಟು ನಿಲ್ಲುತ್ತೆ, ಎಷ್ಟು ಬಿದ್ದುಹೋಗುತ್ತೆ?

ಡೆಕ್ಸಾ_ಹುಬ್ಬಳ್ಳಿ

ಮೊದಲ ಒಂದ್ ಮಾತ್ ಕೇಳ್ತೀನ್ರಿ. ಎರಡೂ ಸ್ಕ್ಯಾನ್ ಒಂದ ಯಂತ್ರದಾಗ ಆಗ್ಯಾವೇನು? ಬೆನ್ನೆಲುಬಿನಾಗ ಲೂನಾರ್ ಕಂಪನಿ ಯಂತ್ರ ಹೊಲೋಜಿಕ್ ಕಂಪನಿದಕ್ಕಿಂತ ಶೇ 10ಕ್ಕೂ ಜಾಸ್ತಿ ತೋರಸ್ತದ. ಒಂದರಾಗ ಮೊದಲನೇದು, ಇನ್ನೊಂದರಾಗ ಎರಡನೇದು ಮಾಡಿಸಿದ್ರ ಆ ಶೇ 3.1ಕ್ಕ ಏನೂ ಅರ್ಥ ಇಲ್ರಿ.

ಅಂಕಿಲೆಕ್ಕ

ಒಂದೇ ಕೇಂದ್ರ, ಒಂದೇ ಹೊಲೋಜಿಕ್ ಯಂತ್ರ ಅಂತ ಇಟ್ಟುಕೊಳ್ಳೋಣ ಸರ್. ಆ ಕೇಂದ್ರದವರು ತಮ್ಮ ಅಳತೆಯ ದೋಷವನ್ನೂ ಲೆಕ್ಕ ಹಾಕಿಟ್ಟಿದ್ದಾರೆ: ಬೆನ್ನೆಲುಬಿಗೆ ಶೇ 1.2, ಸೊಂಟಕ್ಕೆ ಶೇ 1.1.

ಡೆಕ್ಸಾ_ಹುಬ್ಬಳ್ಳಿ

ಹಂಗಾದ್ರ ಲೆಕ್ಕ ಸಲೀಸ್ ಐತಿ. ದೋಷಾನ 2.77ರಿಂದ ಗುಣಿಸ್ರಿ. ಬೆನ್ನೆಲುಬಿಗೆ ಶೇ 3.3, ಸೊಂಟಕ್ಕ ಶೇ 3.0 ಬರ್ತದ. ಇದಕ್ಕಿಂತ ಕಡಿಮಿ ವ್ಯತ್ಯಾಸ ಬಂದ್ರ ಅದು ಮೂಳಿ ಬದಲಾಗಿದ್ದಕ್ಕ ಬಂತೋ, ಅಳತಿ ಅಲ್ಲಾಡಿದ್ದಕ್ಕ ಬಂತೋ ಹೇಳಾಕ ಬರಂಗಿಲ್ಲ. ಬೆನ್ನೆಲುಬು ಶೇ 3.1 ಮ್ಯಾಲ, ಸೊಂಟ ಶೇ 2.6 ಕೆಳಗ. ಎರಡೂ ಗೆರಿ ಒಳಗ ಅದಾವು. ಅಂದ್ರ "ಸುಧಾರಣೆ" ಅಂತ ಬರಿಯೂದು ತಪ್ಪು, "ಸೊಂಟ ಸವದೈತಿ" ಅಂತ ಹೆದರ್ಸೂದೂ ತಪ್ಪು.

ಆ ದೋಷ ಕಂಡುಹಿಡಿಯೂದು ಹೆಂಗಂದ್ರ, 30 ಮಂದಿಗೆ ಎರಡೆರಡು ಸಲ, ಇಲ್ಲಾ 15 ಮಂದಿಗೆ ಮೂರ್ಮೂರು ಸಲ ಸ್ಕ್ಯಾನ್ ಮಾಡ್ಬೇಕು. ಒಂದು ಆದಮ್ಯಾಲ ಅವರನ್ನ ಮೇಜಿನಿಂದ ಇಳಿಸಿ, ಮತ್ತ ಮಲಗಿಸಿ ಇನ್ನೊಂದು. ಇಳಿಸ್ದ ಮಲಗಿದಲ್ಲೇ ಎರಡನೇ ಸ್ಕ್ಯಾನ್ ಹೊಡದ್ರ ದೋಷ ಸುಳ್ಳ ಸುಳ್ಳ ಕಡಿಮಿ ಬರ್ತದ. ಇದನ್ನ ಮಾಡದ ಕೇಂದ್ರ ಭಾಳ ಅದಾವ್ರಿ. ಅವರ ರಿಪೋರ್ಟಿಗೆ ಅಂತರರಾಷ್ಟ್ರೀಯ ಸೊಸೈಟಿಯ (ಐಎಸ್‌ಸಿಡಿ, ಮೂಳಿ ಸಾಂದ್ರತೆ ಅಳಿಯೋರ ಸಂಸ್ಥೆ) ಮೇಲ್ಮಿತಿನ ಹಿಡೀರಿ: ಬೆನ್ನೆಲುಬು ಶೇ 5.3, ಸೊಂಟ ಶೇ 5.0, ತೊಡೆಮೂಳಿ ಕತ್ತು ಶೇ 6.9.

ಗುಳಿಗೆ_ಕಟ್ಟೆ

ಹೋಲಿಸುವಾಗ ಗ್ರಾಂ ಅಂಕಿ ಹೋಲಿಸಿ, ಟಿ-ಸ್ಕೋರ್ ಹೋಲಿಸಬೇಡಿ. ಸಾಫ್ಟ್‌ವೇರ್ ಹೊಸದಾದಾಗ ಟಿ-ಸ್ಕೋರಿನ ಆಧಾರವೇ (ಹೋಲಿಸೋ ಯುವಜನರ ಸರಾಸರಿ) ಬದಲಾಗಿರಬಹುದು.

ಮೈಸೂರು_ರೇಡಿಯಾಲಜಿ

ಎಲ್1ರಿಂದ ಎಲ್4ರವರೆಗೆ ಬಿಡಿ ಅಂಕಿ ಹಾಕಿ. ಒಟ್ಟು ಅಂಕಿ ನೋಡಿ ತೀರ್ಪು ಕೊಡೋ ಅಭ್ಯಾಸ ಮೊದಲು ಬಿಡಬೇಕು.

ಅಂಕಿಲೆಕ್ಕ

ತಗೊಳ್ಳಿ ಸರ್, ಈಗಿನ ಸ್ಕ್ಯಾನಿಂದು:
ಎಲ್1: 0.690, ಟಿ -2.1
ಎಲ್2: 0.742, ಟಿ -2.6
ಎಲ್3: 0.785, ಟಿ -2.7
ಎಲ್4: 1.010, ಟಿ -1.0
ಎರಡು ವರ್ಷದ ಹಿಂದೆ ಎಲ್4 0.919 ಇತ್ತು.

ಮೈಸೂರು_ರೇಡಿಯಾಲಜಿ

ಇಲ್ಲೇ ಇದೆ ನೋಡಿ. ಪಕ್ಕದ ಮಣಿಗಿಂತ ಒಂದು ಟಿ-ಸ್ಕೋರಿಗೂ ಹೆಚ್ಚು ವ್ಯತ್ಯಾಸ ಇರೋ ಮಣಿಯನ್ನ ಲೆಕ್ಕದಿಂದ ಬಿಡಬೇಕು. ಎಲ್3 -2.7, ಎಲ್4 -1.0. ವ್ಯತ್ಯಾಸ 1.7. ಆದ್ದರಿಂದ ಎಲ್4 ಆಚೆಗೆ.

ಎಲ್1–ಎಲ್3 ಮಾತ್ರ ತಗೊಂಡರೆ ಈಗ 0.742, ಟಿ-ಸ್ಕೋರ್ -2.5. ಅಂದರೆ ಆಸ್ಟಿಯೋಪೀನಿಯಾ ಅಲ್ಲ, ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಹಾಕಿದ ಗೆರೆಯ ಪ್ರಕಾರ ಆಸ್ಟಿಯೋಪೊರೋಸಿಸ್. ಎರಡು ವರ್ಷದ ಹಿಂದಿನ ಎಲ್1–ಎಲ್3 ಲೆಕ್ಕ ಹಾಕಿದರೆ 0.744ರ ಆಸುಪಾಸು ಬರುತ್ತೆ, ಅಂದರೆ ನಿಂತಲ್ಲೇ ನಿಂತಿದೆ. ಏರಿದ್ದೆಲ್ಲ ಎಲ್4 ಒಂದರಲ್ಲೇ, ಅದೂ ಸುಮಾರು ಶೇ 10. ಎರಡು ವರ್ಷದಲ್ಲಿ ಒಂದೇ ಮಣಿಗೆ ಮೂಳೆ ತುಂಬೋ ಔಷಧಿ ಯಾವುದೂ ಇಲ್ಲ. ಅದು ಸವೆತಕ್ಕೆ ಬೆಳೆದ ಮೂಳೆಮುಳ್ಳು, ಗಟ್ಟಿಯಾದ ಕೀಲು, ಇಲ್ಲವೇ ಕುಸಿದ ಮಣಿ. ಕುಸಿದ ಮಣಿ ಸಾಂದ್ರವಾಗೇ ಕಾಣುತ್ತೆ, ಯಾಕಂದರೆ ಅಷ್ಟೇ ಖನಿಜ ಕಡಿಮೆ ಜಾಗದಲ್ಲಿ ಒತ್ತಿಕೊಂಡಿರುತ್ತೆ. ಮುಂದಿರೋ ಮಹಾಪಧಮನಿಯಲ್ಲಿ ಸುಣ್ಣ ಕಟ್ಟಿದ್ದರೂ ಅಂಕಿ ಸ್ವಲ್ಪ ಮೇಲೇಳುತ್ತೆ.

ನಾಲ್ಕರಲ್ಲಿ ಎರಡು ಮಣಿಯಾದರೂ ಉಳಿದರೆ ಬೆನ್ನೆಲುಬಿನ ಲೆಕ್ಕ ಕೊಡಬಹುದು. ಒಂದೇ ಉಳಿದರೆ ಬೆನ್ನೆಲುಬು ಬಿಟ್ಟು ಬೇರೆ ಜಾಗ ನೋಡಬೇಕು.

ಕುಡ್ಲದ_ಫಿಸಿಯೋ

ಎತ್ತರ 4 ಸೆಂ.ಮೀ. ಇಳಿದದ್ದನ್ನು ಯಾರೂ ಮಾತಾಡುವುದಿಲ್ಲವಲ್ಲ ಮಾರಾಯ್ರೆ! ಅಷ್ಟು ಇಳಿದಿದ್ದರೆ ಪಕ್ಕದಿಂದ ಬೆನ್ನೆಲುಬಿನ ಚಿತ್ರ ತೆಗೆಯಲೇಬೇಕು. ಡೆಕ್ಸಾ ಯಂತ್ರದಲ್ಲೇ ಆ ಸೌಲಭ್ಯ ಉಂಟು, ಇಲ್ಲದಿದ್ದರೆ ಸಾದಾ ಎಕ್ಸ್‌ರೇ ಸಾಕು. ಮಣಿಯ ಎತ್ತರ ಶೇ 20ರಿಂದ 25 ಕುಸಿದಿದ್ದರೆ ಮೊದಲ ದರ್ಜೆ, 25ರಿಂದ 40 ಎರಡನೆಯದು, 40 ದಾಟಿದರೆ ಮೂರನೆಯದು. ಮಣಿ ಕುಸಿದವರಲ್ಲಿ ಬಹಳಷ್ಟು ಜನರಿಗೆ ಅದು ಗೊತ್ತೇ ಇರುವುದಿಲ್ಲ, ವಯಸ್ಸಾಯಿತು ಬೆನ್ನು ನೋವು ಅಂತ ಮುಲಾಮು ಹಚ್ಚಿ ಸುಮ್ಮನಿರುತ್ತಾರೆ. ಒಂದು ಮಣಿ ಕುಸಿದದ್ದು ಸಿಕ್ಕಿದರೆ ಟಿ-ಸ್ಕೋರ್ ಎಷ್ಟೇ ಇರಲಿ, ರೋಗಿ ಹೆಚ್ಚಿನ ಅಪಾಯದ ಗುಂಪಿಗೆ ಬಂದರು ಅಂತಲೇ ಅರ್ಥ.

ಬಯಲುಸೀಮೆ_ನೀರು

ಎಲ್ಲರೂ ಯಂತ್ರದ ಬಗ್ಗೆ ಮಾತಾಡ್ತಿದೀರಿ, ನೀರಿನ ಬಗ್ಗೆ ಯಾರೂ ಇಲ್ಲ. ಪಾವಗಡ, ಬಾಗೇಪಲ್ಲಿ, ಮುಂಡರಗಿ, ಈ ಕಡೆಯ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿ.ಗ್ರಾಂ. ದಾಟೋದು ಹೊಸ ವಿಷಯ ಅಲ್ಲ. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಹೇಳೋ ಅಪೇಕ್ಷಿತ ಮಿತಿ 1.0, ಬೇರೆ ನೀರಿಲ್ಲದಾಗ 1.5. ಫ್ಲೋರೈಡ್ ಮೂಳೆಗೆ ಹೋಗಿ ಕೂತರೆ ಡೆಕ್ಸಾ ಅಂಕಿಯೇ ಏರುತ್ತೆ. ಆ ಕಡೆಯವರ ರಿಪೋರ್ಟ್ ಓದೋವಾಗ ಇದನ್ನ ಮರೆತರೆ ಪೂರ್ತಿ ದಾರಿ ತಪ್ತೀವಿ.

ಹೊಸಬ_ಕೋಲಾರ

ಫ್ಲೋರೈಡಿನಿಂದ ಸಾಂದ್ರತೆ ಏರುತ್ತೆ ಅಂದ್ರೆ ಮೂಳೆಗೆ ಒಳ್ಳೇದೇ ಅಲ್ವಾ?

ಬಯಲುಸೀಮೆ_ನೀರು

ಇಲ್ಲ. ಈ ಪ್ರಶ್ನೆಗೆ ಉತ್ತರ ಸಿಕ್ಕು ಮೂವತ್ತು ವರ್ಷದ ಮೇಲಾಯ್ತು. ಫ್ಲೋರೈಡನ್ನೇ ಔಷಧಿ ಮಾಡೋ ಪ್ರಯತ್ನ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ನಡೆದಿತ್ತು. ರಿಗ್ಸ್ ಮತ್ತು ಸಂಗಡಿಗರು ಅದನ್ನ 1990ರಲ್ಲಿ ಪ್ರಕಟಿಸಿದರು. ಮುಟ್ಟು ನಿಂತ, ಮೂಳೆ ಟೊಳ್ಳಾದ 202 ಹೆಂಗಸರು. ಅರ್ಧ ಜನಕ್ಕೆ ದಿನಕ್ಕೆ 75 ಮಿ.ಗ್ರಾಂ. ಸೋಡಿಯಂ ಫ್ಲೋರೈಡ್, ಉಳಿದವರಿಗೆ ಹುಸಿ ಮಾತ್ರೆ, ಎಲ್ಲರಿಗೂ ಕ್ಯಾಲ್ಸಿಯಂ. ನಾಲ್ಕು ವರ್ಷದಲ್ಲಿ ಬೆನ್ನೆಲುಬಿನ ಸಾಂದ್ರತೆ ಶೇ 35 ಏರಿತು. ಇಂಥ ಏರಿಕೆ ಇವತ್ತಿನ ಯಾವ ದುಬಾರಿ ಇಂಜೆಕ್ಷನ್ನೂ ಕೊಡಲ್ಲ. ಆದರೆ ಬೆನ್ನುಮಣಿ ಮುರಿಯೋದು ಗಣನೀಯವಾಗಿ ತಗ್ಗಲಿಲ್ಲ. ಬೆನ್ನುಮಣಿ ಬಿಟ್ಟು ಬೇರೆ ಮೂಳೆ ಮುರಿಯೋದು ಮೂರು ಪಟ್ಟಿಗೂ ಹೆಚ್ಚಾಯ್ತು.

ಯಾಕೆ ಹೀಗಾಯ್ತು ಅಂದರೆ, ಫ್ಲೋರೈಡ್ ಮೂಳೆಯ ಹರಳಿನೊಳಗೆ ಹೈಡ್ರಾಕ್ಸಿಲ್ ಇರೋ ಜಾಗದಲ್ಲಿ ಸೇರಿಕೊಳ್ಳುತ್ತೆ. ಹರಳು ದೊಡ್ಡದಾಗುತ್ತೆ, ಕೊಲಾಜನ್ ನಾರಿನ ಜೊತೆ ಅದರ ಹೊಂದಾಣಿಕೆ ಕೆಡುತ್ತೆ, ಹೊಸ ಮೂಳೆ ಒಪ್ಪವಾಗಿ ಖನಿಜಗೊಳ್ಳಲ್ಲ. ಅದೇ ಅಧ್ಯಯನದಲ್ಲಿ ಮುಂಗೈಯ ಗಟ್ಟಿ ಮೂಳೆ ಶೇ 4 ಇಳಿದಿತ್ತು. ಒಳಗಿನ ಜಾಲರಿ ಮೂಳೆ ತುಂಬಿಕೊಳ್ತಾ ಹೋಯ್ತು, ಹೊರಗಿನ ಗಟ್ಟಿ ಕವಚ ಸೊರಗ್ತಾ ಬಂತು.

ಸಂಶೋಧನೆ_ಓದುಗ

ಒಪ್ಪುತ್ತೇನೆ. ಆದರೆ ಇದನ್ನೇ ಹಿಡಿದು "ಸಾಂದ್ರತೆ ಅಳೆಯೋದೇ ದಂಡ" ಅನ್ನೋ ಕಡೆಗೆ ಹೋಗಬಾರದು. ಸೊಂಟದ ಸಾಂದ್ರತೆ ಒಂದು ಎಸ್‌ಡಿ ಇಳಿದರೆ ಸೊಂಟ ಮುರಿಯೋ ಅಪಾಯ ಸುಮಾರು 2.6 ಪಟ್ಟಾಗುತ್ತೆ ಅಂತ 1996ರಲ್ಲೇ ಹಲವು ಅಧ್ಯಯನ ಒಟ್ಟುಗೂಡಿಸಿ ತೋರಿಸಿದ್ದಾರೆ. 2019ರಲ್ಲಿ 38 ಔಷಧ ಪ್ರಯೋಗಗಳನ್ನ ಒಟ್ಟಿಗೆ ವಿಶ್ಲೇಷಿಸಿದಾಗಲೂ, ಸಾಂದ್ರತೆ ಹೆಚ್ಚು ಏರಿಸಿದ ಔಷಧಿಗಳೇ ಮುರಿತವನ್ನೂ ಹೆಚ್ಚು ತಗ್ಗಿಸಿದ್ದು ಕಂಡಿದೆ. ಫ್ಲೋರೈಡ್ ಇದಕ್ಕೆ ಹೊರತು, ಯಾಕಂದರೆ ಅದು ಮೂಳೆಯ ಗುಣವನ್ನೇ ಕೆಡಿಸುತ್ತೆ.

ಬಯಲುಸೀಮೆ_ನೀರು

ದಂಡ ಅಂತ ನಾನೆಲ್ಲಿ ಅಂದೆ? ಫ್ಲೋರೈಡ್ ಸೀಮೆಯವರಿಗೆ ಒಂದು ಬೆನ್ನೆಲುಬಿನ ಅಂಕಿ ಸಾಲದು ಅಂತಿದೀನಿ. ಮುಂಗೈ ಮೂಳೆಯ ಮೂರನೇ ಒಂದರ ಜಾಗದ ಅಳತೆ, ಮುಂಗೈ ಮತ್ತು ಸೊಂಟದ ಎಕ್ಸ್‌ರೇ ಬೇಕು. ಮುಂಗೈಯ ಎರಡು ಮೂಳೆ ನಡುವಿನ ಪೊರೆಯಲ್ಲಿ ಸುಣ್ಣ ಕಟ್ಟಿದ್ದು ಕಂಡರೆ ಅದು ಫ್ಲೋರೋಸಿಸ್‌ನ (ಮೈಯಲ್ಲಿ ಫ್ಲೋರೈಡ್ ಹೆಚ್ಚಾಗಿ ಬರೋ ಕಾಯಿಲೆ) ಗುರುತು. ರಕ್ತದಲ್ಲಿ ಆಲ್ಕಲೈನ್ ಫಾಸ್ಫಟೇಸ್ (ಮೂಳೆ ಕಟ್ಟೋ ಕೆಲಸ ಹೆಚ್ಚಿದಾಗ ಏರೋ ಕಿಣ್ವ), ಪಿಟಿಎಚ್ (ಕ್ಯಾಲ್ಸಿಯಂ ಹತೋಟಿಯ ಹಾರ್ಮೋನ್), ಮೂತ್ರದಲ್ಲಿ ಫ್ಲೋರೈಡ್. ಇವಿಷ್ಟು ನೋಡದೆ ಎಲ್4 ಏರಿದ್ದು ಸವೆತದಿಂದಲೋ ಫ್ಲೋರೈಡಿನಿಂದಲೋ ಅಂತ ಹೇಳೋದು ಹೇಗೆ?

ಮೈಸೂರು_ರೇಡಿಯಾಲಜಿ

ಈ ರಿಪೋರ್ಟಲ್ಲಿ ಹೇಳಬಹುದು ಸರ್. ಫ್ಲೋರೋಸಿಸ್ ಆಗಿದ್ದರೆ ನಾಲ್ಕೂ ಮಣಿ ಏರಬೇಕಿತ್ತು. ಒಂದೇ ಮಣಿ ಏರಿದ್ದರಿಂದ ಅಲ್ಲೇ ಆದ ಬದಲಾವಣೆ ಅನ್ನೋದೇ ಹೆಚ್ಚು ಸರಿ. ಮುಂಗೈ ನೋಡಬೇಕು ಅನ್ನೋದಕ್ಕೆ ನನ್ನ ತಕರಾರಿಲ್ಲ.

ಸಂಶೋಧನೆ_ಓದುಗ

ಫ್ಲೋರೈಡ್ ಸೀಮೆಯಲ್ಲಿ ಟೊಳ್ಳು ಮೂಳೆಯೂ ಬರುತ್ತೆ ಅನ್ನೋದಕ್ಕೆ ನಮ್ಮ ಪಕ್ಕದಲ್ಲೇ ಸಾಕ್ಷಿ ಇದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೃಷ್ಣಮಾಚಾರಿ, ಕೃಷ್ಣಸ್ವಾಮಿ 1973ರಲ್ಲಿ ಫ್ಲೋರೋಸಿಸ್ ಇರೋ ಊರುಗಳಲ್ಲಿ ಮಂಡಿ ಒಳಕ್ಕೆ ಬಾಗೋದನ್ನೂ, ಜೊತೆಗೇ ಮೂಳೆ ಟೊಳ್ಳಾಗಿರೋದನ್ನೂ ವರದಿ ಮಾಡಿದ್ದರು. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ ಇದ್ದರೆ ಅದೇ ಫ್ಲೋರೈಡ್ ಇನ್ನೂ ಕೆಟ್ಟದಾಗಿ ಕಾಡುತ್ತೆ.

ಹೊಸಬ_ಕೋಲಾರ

ಹಾಗಿದ್ರೆ ನೀರು ಕುದಿಸಿ ಕುಡಿದ್ರೆ ಸಾಕಾ?

ಬಯಲುಸೀಮೆ_ನೀರು

ಕುದಿಸಬೇಡಿ. ನೀರು ಆವಿಯಾಗುತ್ತೆ, ಫ್ಲೋರೈಡ್ ತಳದಲ್ಲೇ ಉಳಿಯುತ್ತೆ, ಮೊದಲಿಗಿಂತ ಗಟ್ಟಿಯಾಗುತ್ತೆ. ಆರ್‌ಒ ಕೆಲಸ ಮಾಡುತ್ತೆ, ಪೊರೆ ಹಳೇದಾಗದಿದ್ದರೆ. ಆಕ್ಟಿವೇಟೆಡ್ ಅಲ್ಯುಮಿನಾ ಫಿಲ್ಟರ್ ಕೂಡ ಸರಿ, ಆದರೆ ಕಾಲಕಾಲಕ್ಕೆ ಪುನಶ್ಚೇತನ ಮಾಡದಿದ್ದರೆ ಫ್ಲೋರೈಡ್ ಹಾಗೇ ದಾಟಿ ಬರುತ್ತೆ, ರುಚಿಯಲ್ಲಿ ಗೊತ್ತೂ ಆಗಲ್ಲ. ಪಟಿಕ, ಸುಣ್ಣ ಹಾಕಿ ತಿಳಿಗೊಳಿಸೋ ನಲಗೊಂಡ ವಿಧಾನ ಅಗ್ಗ, ಆದರೆ ಪಟಿಕದ ಅಳತೆ ನೀರಿನ ಕ್ಷಾರತೆ ನೋಡಿ ಹಾಕಬೇಕು. ಅಂದಾಜಿಗೆ ಹಾಕಿದರೆ ನೀರಲ್ಲಿ ಅಲ್ಯುಮಿನಿಯಂ ಉಳಿಯುತ್ತೆ. ಎಲ್ಲಕ್ಕಿಂತ ಸುಲಭ ಮಳೆನೀರು.

ಗುಳಿಗೆ_ಕಟ್ಟೆ

ವಾರಕ್ಕೊಂದು 60,000 ಯೂನಿಟ್, ಎರಡು ವರ್ಷ! ಯಾರೂ ನಿಲ್ಲಿಸಲಿಲ್ವಾ? ಕೊರತೆ ಇದ್ದವರಿಗೆ ಸಾಮಾನ್ಯವಾಗಿ ಎಂಟು ವಾರ, ಆಮೇಲೆ ತಿಂಗಳಿಗೊಂದು. ತಿಂಗಳಿಗೊಂದು ಅಂದರೆ ದಿನಕ್ಕೆ 2,000 ಯೂನಿಟ್ ಆಯ್ತು. ವಾರಕ್ಕೊಂದು ಅಂದರೆ ದಿನಕ್ಕೆ 8,500ಕ್ಕೂ ಮೇಲೆ. ಚೀಟಿಯಲ್ಲಿ "ಎಂಟು ವಾರ" ಅಂತ ಬರೆದಿದ್ದರೂ ಅದೇ ಚೀಟಿ ತೋರಿಸಿ ವರ್ಷಗಟ್ಟಲೆ ಕೊಳ್ಳೋರಿದ್ದಾರೆ. ಅಂಗಡಿಯವರು ಕೇಳಬೇಕು.

ದಿನಾ_ಬಿಸಿಲು

ಭಾರತದಲ್ಲಿ ಎಲ್ಲರಿಗೂ ಡಿ ಕೊರತೆ. ಜಾಸ್ತಿ ತಗೊಂಡ್ರೆ ನಷ್ಟವೇನು? ಮೂಳೆ ಗಟ್ಟಿ ಆಗುತ್ತಲ್ವಾ.

ಸಂಶೋಧನೆ_ಓದುಗ

ಆಗಲ್ಲ. ಕೆನಡಾದ ಕ್ಯಾಲ್ಗರಿಯಲ್ಲಿ 311 ಜನರಿಗೆ ಮೂರು ವರ್ಷ ದಿನಕ್ಕೆ 400, 4,000 ಅಥವಾ 10,000 ಯೂನಿಟ್ ಕೊಟ್ಟು, ಮೂಳೆಯ ಒಳಜಾಲರಿಯನ್ನೂ ತೋರಿಸೋ ಸೂಕ್ಷ್ಮ ಸಿ.ಟಿ.ಯಲ್ಲಿ ಅಳೆದರು. 2019ರಲ್ಲಿ ಬಂದ ಫಲಿತಾಂಶ: ಮುಂಗೈ ಮೂಳೆಯ ಸಾಂದ್ರತೆ 400ರ ಗುಂಪಿನಲ್ಲಿ ಶೇ 1.2, 4,000ದಲ್ಲಿ ಶೇ 2.4, 10,000ದಲ್ಲಿ ಶೇ 3.5 ಇಳಿದಿತ್ತು. ಹೆಚ್ಚು ಕೊಟ್ಟಷ್ಟೂ ಹೆಚ್ಚು ಇಳಿತ.

ಆಸ್ಟ್ರೇಲಿಯಾದಲ್ಲಿ 70 ದಾಟಿದ ಹೆಂಗಸರಿಗೆ ವರ್ಷಕ್ಕೊಮ್ಮೆ 5 ಲಕ್ಷ ಯೂನಿಟ್ ಕೊಟ್ಟಾಗ ಬೀಳೋದೂ ಮುರಿಯೋದೂ ಹೆಚ್ಚಿತು, 2010ರ ವರದಿ. ಅಮೆರಿಕದ ವೈಟಲ್ ಅಧ್ಯಯನದಲ್ಲಿ 25,871 ಜನ, ದಿನಕ್ಕೆ 2,000 ಯೂನಿಟ್, ಐದು ವರ್ಷದ ಮೇಲೆ. ಮುರಿತ ಕಡಿಮೆಯಾಗಲಿಲ್ಲ (2022). ಕೊರತೆ ಇದ್ದೋರಿಗೆ ಡಿ ಬೇಕೇ ಬೇಕು, ಇಲ್ಲದಿದ್ದರೆ ಮೂಳೆ ಮೆತ್ತಗಾಗುತ್ತೆ. ಕೊರತೆ ನೀಗಿದ ಮೇಲೆ ಸುರೀತಾ ಹೋದರೆ ಲಾಭವಿಲ್ಲ.

ದಿನಾ_ಬಿಸಿಲು

ವೈಟಲ್‌ನಲ್ಲಿ ಇದ್ದವರಿಗೆ ಮೊದಲೇ ಡಿ ಸಾಕಷ್ಟಿತ್ತು. ನಮ್ಮ ಜನಕ್ಕೆ ಅದನ್ನ ಅನ್ವಯಿಸೋದು ಸರಿಯಲ್ಲ.

ಸಂಶೋಧನೆ_ಓದುಗ

ಆ ಮಾತು ಸರಿ, ಒಪ್ಪಿಕೊಂಡೆ. ಅದಕ್ಕೇ ಇಲ್ಲಿ ಕೇಳಬೇಕಾದ್ದು: ಈ ಹೆಂಗಸಿನ 25-ಒಎಚ್ ಡಿ (ರಕ್ತದಲ್ಲಿನ ವಿಟಮಿನ್ ಡಿ ಮಟ್ಟ) ಈಗ ಎಷ್ಟಿದೆ? ಮಿ.ಲೀ.ಗೆ 20 ನ್ಯಾನೋಗ್ರಾಂ ದಾಟಿದ್ದರೆ ಮೂಳೆಗೆ ಸಾಕು ಅಂತ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಹೇಳಿದೆ. 30 ಬೇಕೇ ಬೇಕು ಅಂತಿದ್ದ ಎಂಡೋಕ್ರೈನ್ ಸೊಸೈಟಿಯೂ 2024ರಲ್ಲಿ ಆ ಗೆರೆ ಕೈಬಿಟ್ಟಿದೆ.

ರಾಗಿಹಿಟ್ಟು

ಕ್ಯಾಲ್ಸಿಯಂ ಮಾತ್ರೆ ಯಾಕೆ, ರಾಗಿ ಮುದ್ದೆ ತಿಂದ್ರೆ ಆಗಲ್ವಾ?

ಗುಳಿಗೆ_ಕಟ್ಟೆ

ಅರ್ಧ ಆಗುತ್ತೆ. 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿ.ಗ್ರಾಂ. ಕ್ಯಾಲ್ಸಿಯಂ. ಮುಟ್ಟು ನಿಂತವರಿಗೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರಲ್ಲಿ ಹೇಳಿರೋದು ದಿನಕ್ಕೆ 1,200 ಮಿ.ಗ್ರಾಂ. ಎರಡು ಹೊತ್ತು ಮುದ್ದೆ, ಅಂದರೆ 150 ಗ್ರಾಂ ಹಿಟ್ಟು ಹಿಡಿದರೆ 550ರ ಹತ್ತಿರ. ಅರ್ಧ ಲೀಟರ್ ಹಾಲು–ಮೊಸರು ಸೇರಿಸಿದರೆ ಇನ್ನೊಂದು 600. ಇಷ್ಟು ತಿನ್ನೋರಿಗೆ ಮಾತ್ರೆ ಬೇಕಾಗಲ್ಲ. ಆದರೆ ರಾಗಿಯ ಕ್ಯಾಲ್ಸಿಯಂ ಬಹುಪಾಲು ಸಿಪ್ಪೆಯಲ್ಲೇ ಇರೋದು. ನುಣ್ಣಗಿರಲಿ ಅಂತ ಹಿಟ್ಟನ್ನ ಬಟ್ಟೆಯಲ್ಲಿ ಸೋಸಿದರೆ ಅದು ತೌಡಿನ ಜೊತೆ ಹೋಯ್ತು. ರಾಗಿಯ ಫೈಟೇಟ್ ಹೀರಿಕೆಗೆ ಅಡ್ಡಿ ಮಾಡುತ್ತೆ, ಮೊಳಕೆ ಕಟ್ಟಿ ಹುರಿದು ಹಿಟ್ಟು ಮಾಡಿದರೆ ಅದು ತಗ್ಗುತ್ತೆ.

ಮಾತ್ರೆ ತಗೊಳ್ಳೋದೇ ಆದರೆ: 1,250 ಮಿ.ಗ್ರಾಂ. ಕಾರ್ಬೊನೇಟ್ ಅಂದರೆ ಅಸಲಿ ಕ್ಯಾಲ್ಸಿಯಂ 500 ಮಾತ್ರ. ಊಟದ ಜೊತೆ ತಗೊಳ್ಳಿ. ಗ್ಯಾಸ್‌ಗೆ ದಿನಾ ಪ್ಯಾಂಟೊಪ್ರಜೋಲ್ ನುಂಗೋರಿಗೆ ಕಾರ್ಬೊನೇಟ್ ಸರಿಯಾಗಿ ಕರಗಲ್ಲ, ಸಿಟ್ರೇಟ್ ಒಳ್ಳೇದು. ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರ. ಸ್ಕ್ಯಾನಿನ ದಿನ ಬೆಳಿಗ್ಗೆ ಕ್ಯಾಲ್ಸಿಯಂ ನುಂಗಬೇಡಿ, ಕರುಳಲ್ಲಿರೋ ಮಾತ್ರೆ ಬೆನ್ನೆಲುಬಿನ ಮೇಲೆ ಬಿದ್ದಂತೆ ಚಿತ್ರದಲ್ಲಿ ಬರುತ್ತೆ.

ಡೆಕ್ಸಾ_ಹುಬ್ಬಳ್ಳಿ

ಖರೇ ಐತ್ರಿ. ಬೇರಿಯಂ ಕುಡಿಸಿ ತಗದ ಎಕ್ಸ್‌ರೇ, ಕಾಂಟ್ರಾಸ್ಟ್ ಹಾಕಿದ ಸಿ.ಟಿ. ಆಗಿದ್ರೂ ಕೆಲವು ದಿನ ಬಿಟ್ಟು ಡೆಕ್ಸಾಕ್ಕ ಬರ್ಬೇಕು. ಒಳಲಂಗದ ಲಾಡಿ ತುದಿ, ಕೊಕ್ಕಿ, ಉಡದಾರ, ತಾಯಿತ ಎಲ್ಲ ತಗಸ್ರಿ. ಸೊಂಟಕ್ಕ ಕಾಲು 15ರಿಂದ 25 ಡಿಗ್ರಿ ಒಳಗ ತಿರುಗಿಸಿ ಪಟ್ಟಿ ಕಟ್ಟಬೇಕು. ಚಿತ್ರದಾಗ ತೊಡೆಮೂಳಿ ಒಳಬದಿಯ ಸಣ್ಣ ಗುಬುಟು ಕಂಡೂ ಕಾಣದಂಗ ಇರ್ಬೇಕು. ಅದು ದೊಡ್ಡದಾಗಿ ಎದ್ದು ಕಂಡ್ರ ಕಾಲು ಸರಿಯಾಗಿ ತಿರುಗಿಲ್ಲ ಅಂತ ತಿಳ್ಕೋರಿ, ಕತ್ತಿನ ಅಂಕಿ ಕೆಡ್ತದ. ಎರಡು ವರ್ಷದ ಎರಡು ಚಿತ್ರ ಪಕ್ಕ ಪಕ್ಕ ಇಟ್ಟು ಆ ಗುಬುಟು ಒಂದ ತರ ಐತೇನಂತ ನೋಡ್ರಿ. ಈ ರಿಪೋರ್ಟಿನ ಸೊಂಟದ ಶೇ 2.6 ಇಳಿತಕ್ಕೂ ನಾನು ಮೊದಲ ನೋಡೂದು ಅದನ್ನ.

ಎಂಡೋ_ದಾವಣಗೆರೆ

148 ಸೆಂ.ಮೀ. ಎತ್ತರದ ಬಗ್ಗೆ ಒಂದು ಮಾತು. ಡೆಕ್ಸಾ ಅಳೆಯೋದು ಚದರ ಸೆಂ.ಮೀ. ಲೆಕ್ಕದಲ್ಲಿ, ದಪ್ಪ ಅದಕ್ಕೆ ಕಾಣಲ್ಲ. ಒಂದು ಸೆಂ.ಮೀ. ಅಂಚಿನ ಮೂಳೆಯ ಘನ ತಗೊಳ್ಳಿ, ಖನಿಜ 1 ಗ್ರಾಂ. ಡೆಕ್ಸಾ ಅಂಕಿ 1. ಅದೇ ಗಟ್ಟಿತನದ ಎರಡು ಸೆಂ.ಮೀ. ಅಂಚಿನ ಘನದಲ್ಲಿ ಖನಿಜ 8 ಗ್ರಾಂ, ನೆರಳಿನ ವಿಸ್ತೀರ್ಣ 4. ಡೆಕ್ಸಾ ಅಂಕಿ 2! ಗಟ್ಟಿತನ ಒಂದೇ, ಅಂಕಿ ಇಮ್ಮಡಿ. ಆದ್ದರಿಂದ ಸಣ್ಣ ಮೈಕಟ್ಟಿನ ನಮ್ಮ ಹೆಂಗಸರ ಅಂಕಿ ಕಡಿಮೆ ಬರೋದರಲ್ಲಿ ಒಂದು ಪಾಲು ಮೂಳೆ ಸಣ್ಣದಿರೋದಕ್ಕೇ.

ಐಸಿಎಂಆರ್ ಭಾರತೀಯರದ್ದೇ ಆಧಾರ ಅಂಕಿಗಳನ್ನ ಪ್ರಕಟಿಸಿದೆ. ಅವು ಬಿಳಿಯರ ಅಂಕಿಗಿಂತ ಕೆಳಗಿವೆ. ಅದನ್ನ ಹಾಕಿದರೆ ಈಕೆಯ ಟಿ-ಸ್ಕೋರ್ -2.5 ಅಲ್ಲ.

ಮೈಸೂರು_ರೇಡಿಯಾಲಜಿ

ಅಲ್ಲೇ ನನ್ನ ತಕರಾರು. ಆಧಾರ ಬದಲಿಸಿದರೆ ಟಿ-ಸ್ಕೋರ್ ಚೆನ್ನಾಗಿ ಕಾಣುತ್ತೆ, ಮೂಳೆ ಮುರಿಯೋ ಅಪಾಯ ಇಳಿಯಲ್ಲ. ನಮ್ಮ ಯುವಜನರ ಸರಾಸರಿ ಕಡಿಮೆ ಇರೋದು ಮೈಕಟ್ಟಿನಿಂದ ಎಷ್ಟು, ಕ್ಯಾಲ್ಸಿಯಂ ಇಲ್ಲದ ಊಟದಿಂದ ಎಷ್ಟು? ಕೊರತೆಯಲ್ಲಿ ಬೆಳೆದವರ ಸರಾಸರಿಯನ್ನೇ ಆರೋಗ್ಯ ಅಂತ ಕರೆದರೆ ಹೇಗೆ? ಅಂತರರಾಷ್ಟ್ರೀಯ ಸೊಸೈಟಿ ಎಲ್ಲ ಜನಾಂಗಕ್ಕೂ ಒಂದೇ ಆಧಾರ ಬಳಸಿ ಅಂತ ಸಲಹೆ ಕೊಟ್ಟಿರೋದು ಈ ಗೊಂದಲ ಬೇಡ ಅಂತಲೇ.

ಎಂಡೋ_ದಾವಣಗೆರೆ

ಒಂದೇ ಆಧಾರ ಇರಲಿ, ನನಗೂ ಒಪ್ಪಿಗೆ. ಆದರೆ ಔಷಧಿ ಕೊಡೋ ನಿರ್ಧಾರ ಟಿ-ಸ್ಕೋರ್ ಒಂದರ ಮೇಲೆ ನಿಲ್ಲಬಾರದು. ಅದಕ್ಕೇ 2008ರಲ್ಲಿ ಶೆಫೀಲ್ಡ್‌ನವರು ತಂದ ಫ್ರಾಕ್ಸ್ ಲೆಕ್ಕ ಇರೋದು. ವಯಸ್ಸು, ಹಳೇ ಮುರಿತ, ತಂದೆ–ತಾಯಿಯ ಸೊಂಟ ಮುರಿದಿದ್ದು, ಸ್ಟಿರಾಯ್ಡ್, ಸಿಗರೇಟು, ಕತ್ತಿನ ಸಾಂದ್ರತೆ ಎಲ್ಲ ಹಾಕಿದರೆ ಮುಂದಿನ ಹತ್ತು ವರ್ಷದ ಅಪಾಯ ಶೇಕಡಾದಲ್ಲಿ ಬರುತ್ತೆ. ಭಾರತದ ಮಾದರಿಯೂ ಅದರಲ್ಲಿದೆ.

ಇಲ್ಲಿ ಇನ್ನೊಂದು ಕೊಂಡಿ: ಸಕ್ಕರೆ ಕಾಯಿಲೆ. ಎರಡನೇ ಬಗೆಯ ಸಕ್ಕರೆ ಕಾಯಿಲೆಯವರ ಸಾಂದ್ರತೆ ಸಾಮಾನ್ಯವಾಗಿ ಬೇರೆಯವರಿಗಿಂತ ಚೆನ್ನಾಗೇ ಇರುತ್ತೆ, ಆದರೂ ಮೂಳೆ ಹೆಚ್ಚು ಮುರಿಯುತ್ತೆ. ಕೊಲಾಜನ್‌ಗೆ ಸಕ್ಕರೆ ಅಂಟಿ ಬಿರುಸಾಗೋದು, ಹೊರಕವಚದಲ್ಲಿ ರಂಧ್ರ ಹೆಚ್ಚೋದು, ಕಾಲು ಮರಗಟ್ಟಿ ಬೀಳೋದು ಎಲ್ಲ ಸೇರುತ್ತೆ. ಫ್ರಾಕ್ಸ್‌ನಲ್ಲಿ ಇದಕ್ಕೆ ಪ್ರತ್ಯೇಕ ಜಾಗ ಇಲ್ಲ. ರುಮಟಾಯ್ಡ್ ಸಂಧಿವಾತದ ಚೌಕಕ್ಕೆ ಗುರುತು ಹಾಕಿ ಲೆಕ್ಕ ಮಾಡೋದು ರೂಢಿ.

ಹೊಸಬ_ಕೋಲಾರ

ಔಷಧಿ ಅಂಗಡಿ ಮುಂದೆ ಉಚಿತ ಶಿಬಿರದಲ್ಲಿ ಹಿಮ್ಮಡಿಗೆ ಜೆಲ್ ಹಚ್ಚಿ ನೋಡ್ತಾರಲ್ಲ, ಅದೂ ಟಿ-ಸ್ಕೋರೇ ಕೊಡುತ್ತೆ. ಅದು ನಡೆಯುತ್ತಾ?

ಮೈಸೂರು_ರೇಡಿಯಾಲಜಿ

ಅದು ಶಬ್ದತರಂಗದ ಅಳತೆ. -2.5ರ ಗೆರೆ ಡೆಕ್ಸಾಕ್ಕೆ ಹಾಕಿದ್ದು, ಹಿಮ್ಮಡಿ ಯಂತ್ರಕ್ಕೆ ಅನ್ವಯಿಸಲ್ಲ. ಅದರ ಮೇಲೆ ಔಷಧಿ ಶುರು ಮಾಡಬಾರದು, ಔಷಧಿ ಕೆಲಸ ಮಾಡಿತಾ ಅಂತಲೂ ನೋಡಬಾರದು.

ಮಲೆನಾಡ_ಹುಡುಗಿ

ಸಾಗರದ ಹಂದಿಗೋಡು ಕಾಯಿಲೆಯೂ ಕ್ಯಾಲ್ಸಿಯಂ ಕೊರತೆಯಿಂದಲೇ ಅಂತ ಕೇಳಿದ್ದೆ, ಹೌದಾ?

ಎಂಡೋ_ದಾವಣಗೆರೆ

ಅಲ್ಲ ಮೇಡಂ. ಅದು ವಂಶವಾಹಿಯಿಂದ ಬರೋದು, ತಂದೆ–ತಾಯಿಯಲ್ಲಿ ಒಬ್ಬರಿಂದ ಬಂದರೂ ಸಾಕು. ಮೂಳೆಯ ತುದಿಗಳೇ ಸರಿಯಾಗಿ ರೂಪುಗೊಳ್ಳಲ್ಲ, ಸೊಂಟದ ಕೀಲು ಬೇಗ ಸವೆಯುತ್ತೆ, ಕೆಲವರಲ್ಲಿ ಎತ್ತರವೂ ಕುಂಠಿತ. 1970ರ ದಶಕದಲ್ಲಿ ಮೊದಲು ವರದಿಯಾದಾಗ ಆಹಾರ, ಕೀಟನಾಶಕ ಅಂತ ಹಲವು ಊಹೆ ಇದ್ದವು. ಕ್ಯಾಲ್ಸಿಯಂ ಮಾತ್ರೆಯಿಂದ ಅದು ಸರಿಹೋಗಲ್ಲ. ಕೀಲಿನ ಶಸ್ತ್ರಚಿಕಿತ್ಸೆ, ಆಸರೆ ಬೇಕು.

ಅಂಕಿಲೆಕ್ಕ

ಮಾತು ಬೇರೆಡೆ ಹೋಯ್ತು. ಎಲ್1–ಎಲ್3 ನಿಂತಲ್ಲೇ ನಿಂತಿದೆ. ಅಂದರೆ ಅಲೆಂಡ್ರೊನೇಟ್ ಸೋತಿದೆಯಾ?

ಎಂಡೋ_ದಾವಣಗೆರೆ

ಇಳಿಯದೆ ನಿಂತಿದ್ದರೂ ಅದು ಸೋಲಲ್ಲ. 1996ರ ಫಿಟ್ ಪ್ರಯೋಗದಲ್ಲಿ ಈ ಔಷಧಿ ಬೆನ್ನುಮಣಿ ಮುರಿತವನ್ನ ಶೇ 47, ಸೊಂಟದ ಮುರಿತವನ್ನ ಶೇ 51 ತಗ್ಗಿಸಿತ್ತು. ಆದರೆ ಹೊಸ ಮುರಿತ ಆಗಿದೆಯಾ, ಗುಳಿಗೆ ಒಳಗೆ ಹೋಗ್ತಿದೆಯಾ, ಎರಡನ್ನೂ ನೋಡದೆ ಗೆದ್ದಿದೆ ಅಂತಲೂ ಅನ್ನಬೇಡಿ.

ಗುಳಿಗೆ_ಕಟ್ಟೆ

ಒಳಗೆ ಹೋಗೋದೇ ಕಷ್ಟ. ಖಾಲಿ ಹೊಟ್ಟೆಯಲ್ಲಿ ತಗೊಂಡರೂ ನೂರಕ್ಕೆ ಒಂದು ಪಾಲೂ ರಕ್ತಕ್ಕೆ ಸೇರಲ್ಲ. ಕಾಫಿ ಜೊತೆ ನುಂಗಿದರೆ ಅದರಲ್ಲೂ ಸುಮಾರು ಶೇ 60 ಹೋಯ್ತು. ಹಾಲು, ರಾಗಿ ಗಂಜಿ ಜೊತೆ ಆದರೆ ಹೆಚ್ಚುಕಮ್ಮಿ ಪೂರ್ತಿ ಹೋಯ್ತು ಅಂತಲೇ ಲೆಕ್ಕ. ಎದ್ದ ಕೂಡಲೇ ಒಂದು ದೊಡ್ಡ ಲೋಟ ಬರೀ ನೀರಿನ ಜೊತೆ ನುಂಗಬೇಕು, ಅರ್ಧ ಗಂಟೆ ಬೇರೇನೂ ಬಾಯಿಗೆ ಹಾಕಬಾರದು, ಮಲಗಬಾರದು. ಮಲಗಿದರೆ ಗುಳಿಗೆ ಅನ್ನನಾಳದಲ್ಲಿ ನಿಂತು ಹುಣ್ಣು ಮಾಡುತ್ತೆ. ಕ್ಯಾಲ್ಸಿಯಂ ಮಾತ್ರೆ ಅವತ್ತು ಮಧ್ಯಾಹ್ನದ ಊಟಕ್ಕೆ.

ಇದು ಆಗಲ್ಲ ಅನ್ನೋರಿಗೆ ವರ್ಷಕ್ಕೊಮ್ಮೆ ಜೋಲೆಡ್ರೊನಿಕ್ ಆಸಿಡ್ 5 ಮಿ.ಗ್ರಾಂ. ಡ್ರಿಪ್ ಇದೆ. 15 ನಿಮಿಷಕ್ಕಿಂತ ಬೇಗ ಓಡಿಸಬಾರದು, ಮೊದಲು ಡಿ ಕೊರತೆ ನೀಗಿರಬೇಕು, ಕ್ರಿಯಾಟಿನಿನ್ ಕ್ಲಿಯರೆನ್ಸ್ (ಮೂತ್ರಪಿಂಡ ಎಷ್ಟು ಕೆಲಸ ಮಾಡುತ್ತೆ ಅನ್ನೋ ಅಳತೆ) 35ರ ಮೇಲಿರಬೇಕು. ಮೊದಲ ಸಲ ಎರಡು ಮೂರು ದಿನ ಜ್ವರ, ಮೈಕೈ ನೋವು ಬರಬಹುದು, ಪ್ಯಾರಾಸಿಟಮಾಲ್ ಸಾಕು.

ದಿನಾ_ಬಿಸಿಲು

ಆರು ತಿಂಗಳಿಗೊಂದು ಡೆನೊಸುಮಾಬ್ ಇಂಜೆಕ್ಷನ್ ಇದಕ್ಕಿಂತ ಸಲೀಸು ಅಲ್ವಾ?

ಎಂಡೋ_ದಾವಣಗೆರೆ

ಕೊಡೋದು ಸಲೀಸು, ಬಿಡೋದು ಕಷ್ಟ. ಅಲೆಂಡ್ರೊನೇಟ್ ಮೂಳೆಯಲ್ಲಿ ವರ್ಷಗಟ್ಟಲೆ ಉಳಿಯುತ್ತೆ, ಡೆನೊಸುಮಾಬ್ ಉಳಿಯಲ್ಲ. ಏಳನೇ ತಿಂಗಳು ದಾಟಿದರೆ ಮೂಳೆ ಸವೆತ ಮೊದಲಿಗಿಂತ ಜೋರಾಗಿ ಪುಟಿಯುತ್ತೆ, ಒಂದರ ಹಿಂದೆ ಒಂದು ಬೆನ್ನುಮಣಿ ಮುರಿದ ವರದಿಗಳಿವೆ. ನಿಲ್ಲಿಸೋದಾದರೆ ಆರನೇ ತಿಂಗಳಿಗೇ ಜೋಲೆಡ್ರೊನಿಕ್ ಅಥವಾ ಅಲೆಂಡ್ರೊನೇಟ್ ಶುರುವಾಗಬೇಕು. "ದುಡ್ಡಿಲ್ಲ, ಮುಂದಿನ ಸಲ ನೋಡೋಣ" ಅನ್ನೋ ಪರಿಸ್ಥಿತಿ ಇರೋ ಮನೆಗೆ ಇದನ್ನ ಬರೆಯೋ ಮುಂಚೆ ಈ ಮಾತು ಬಿಡಿಸಿ ಹೇಳಬೇಕು. ಡಯಾಲಿಸಿಸ್ ರೋಗಿಗಳಲ್ಲಿ ಕ್ಯಾಲ್ಸಿಯಂ ಅಪಾಯಕಾರಿಯಾಗಿ ಕುಸಿಯುತ್ತೆ ಅಂತ ಅಮೆರಿಕದ ಎಫ್‌ಡಿಎ 2024ರಲ್ಲಿ ಕಟ್ಟೆಚ್ಚರಿಕೆ ಕೊಟ್ಟಿದೆ.

ಕುಡ್ಲದ_ಫಿಸಿಯೋ

ವ್ಯಾಯಾಮದ ಬಗ್ಗೆ ನಾನು ಹೇಳುತ್ತೇನೆ. ಬರೀ ನಡೆದರೆ ಸಾಂದ್ರತೆ ಏರುವುದಿಲ್ಲ, ಮೂಳೆಗೆ ಭಾರ ಬೀಳಬೇಕು. ಆಸ್ಟ್ರೇಲಿಯಾದ ಲಿಫ್ಟ್‌ಮೋರ್ ಪ್ರಯೋಗ (2018): ಸಾಂದ್ರತೆ ಕಡಿಮೆಯಿದ್ದ 101 ಹೆಂಗಸರು, ಎಂಟು ತಿಂಗಳು. ಭಾರದ ಗುಂಪಿಗೆ ವಾರಕ್ಕೆ ಎರಡು ದಿನ ಅರ್ಧ ಗಂಟೆ, ಎತ್ತಬಲ್ಲ ಗರಿಷ್ಠ ಭಾರದ ಶೇ 85ರ ಮೇಲೆ, ಐದೈದು ಸಲದ ಐದು ಸುತ್ತು. ಅವರ ಬೆನ್ನೆಲುಬು ಶೇ 2.9 ಏರಿತು, ಮನೆಯಲ್ಲಿ ಹಗುರ ವ್ಯಾಯಾಮ ಮಾಡಿದವರದ್ದು ಶೇ 1.2 ಇಳಿಯಿತು. ಆದರೆ ಅದು ತರಬೇತುದಾರರು ಪಕ್ಕದಲ್ಲಿ ನಿಂತು, ಹಗುರದಿಂದ ಶುರು ಮಾಡಿಸಿದ್ದು. ವಿಡಿಯೋ ನೋಡಿ ಮನೆಯಲ್ಲಿ ಅಕ್ಕಿ ಮೂಟೆ ಎತ್ತಲು ಹೋಗಬೇಡಿ.

ಈ ಹೆಂಗಸಿಗೆ ಪಕ್ಕದ ಚಿತ್ರ ಬರುವವರೆಗೆ ಮುಂದಕ್ಕೆ ಬಗ್ಗುವುದು ಬೇಡ. ಪಶ್ಚಿಮೋತ್ತಾನಾಸನ, ಕಾಲುಬೆರಳು ಮುಟ್ಟುವುದು, ಸಿಟ್-ಅಪ್ ಯಾವುದೂ ಬೇಡ. ಮಣಿಯ ಮುಂಭಾಗ ಕುಸಿಯುವುದೇ ಬಗ್ಗಿದಾಗ. ಗೋಡೆಗೆ ಬೆನ್ನು ಕೊಟ್ಟು ಸೆಟೆದು ನಿಲ್ಲುವುದು, ಕುರ್ಚಿಯಿಂದ ಕೈ ಊರದೆ ಏಳುವುದು, ಅಡುಗೆಕಟ್ಟೆ ಹಿಡಿದು ಒಂಟಿಕಾಲಲ್ಲಿ ನಿಲ್ಲುವುದು, ಇಷ್ಟರಿಂದ ಶುರು ಮಾಡಬಹುದು. ಬಚ್ಚಲಲ್ಲಿ ಹಿಡಿಕಂಬಿ ಹಾಕಿಸಿ. ಸೊಂಟ ಮುರಿಯುವುದು ಬಿದ್ದಾಗ ಮಾರಾಯ್ರೆ, ಇಲ್ಲಿ ಬೀಳುವ ಮಾತನ್ನು ಯಾರೂ ಎತ್ತಲೇ ಇಲ್ಲ.

ಸಂಶೋಧನೆ_ಓದುಗ

ಗುಳಿಗೆ ಹೀರಿಕೆಯಾಗ್ತಿದೆಯಾ ಅಂತ ತಿಳಿಯೋಕೆ ಇನ್ನೆರಡು ವರ್ಷ ಸ್ಕ್ಯಾನಿಗೆ ಕಾಯಬೇಕಿಲ್ಲ. ರಕ್ತದಲ್ಲಿ ಸಿಟಿಎಕ್ಸ್ (ಮೂಳೆ ಕರಗೋ ವೇಗದ ಸೂಚಕ) ಅಥವಾ ಪಿ1ಎನ್‌ಪಿ (ಮೂಳೆ ಕಟ್ಟೋ ವೇಗದ ಸೂಚಕ) ನೋಡಬಹುದು. ಗುಳಿಗೆ ಕೆಲಸ ಮಾಡ್ತಿದ್ದರೆ ಮೂರರಿಂದ ಆರು ತಿಂಗಳಲ್ಲೇ ಇಳಿದಿರುತ್ತೆ.

ಅಂಕಿಲೆಕ್ಕ

ಅದಕ್ಕೆ ತಯಾರಿ ಏನಾದರೂ ಬೇಕಾ? ಸಂಜೆ ಹೋಗಿ ಕೊಡಬಹುದಾ?

ಗುಳಿಗೆ_ಕಟ್ಟೆ

ಸಿಟಿಎಕ್ಸ್ ಆದರೆ ಬೆಳಿಗ್ಗೆ 10ರೊಳಗೆ, ರಾತ್ರಿ ಊಟದ ನಂತರ ಏನೂ ತಿನ್ನದೆ. ತಿಂದ ಮೇಲೆ ಅದು ಇಳಿಯುತ್ತೆ, ಮಧ್ಯಾಹ್ನದ ಹೊತ್ತಿಗೂ ಇಳಿದಿರುತ್ತೆ, ಔಷಧಿ ಕೆಲಸ ಮಾಡಿದೆ ಅಂತ ತಪ್ಪು ತಿಳೀತೀರಿ. ಪಿ1ಎನ್‌ಪಿಗೆ ಉಪವಾಸ ಬೇಡ. ಕೂದಲಿಗೆ ಬಯೋಟಿನ್ ಮಾತ್ರೆ ತಗೊಳ್ತಿದ್ದರೆ ಎರಡು ಮೂರು ದಿನ ಮುಂಚೆ ನಿಲ್ಲಿಸಿ, ಲ್ಯಾಬಿನವರಿಗೂ ಹೇಳಿ. ಇತ್ತೀಚೆಗೆ ಮೂಳೆ ಮುರಿದಿದ್ದರೆ ಎರಡೂ ತಿಂಗಳುಗಟ್ಟಲೆ ಮೇಲೇ ಇರುತ್ತೆ, ಆದ್ದರಿಂದ ಪಕ್ಕದ ಎಕ್ಸ್‌ರೇ ಮೊದಲು, ರಕ್ತ ಆಮೇಲೆ.